ಬಚ್ಚಲುಮನೆಯ ಗ್ಯಾಸ್ ಗೀಸರು ಮತ್ತು ಗಾಳಿಯ ಸಂಚಾರ

ದೇಹದ ಶುಚಿತ್ವವು ಆರೋಗ್ಯದ ತಳಹದಿ. ಬಸಿರಿ, ಬಾಣಂತಿ, ಹಸುಗೂಸು, ವೃದ್ಧರು ಇರುವ ಸಂಸಾರದಲ್ಲಿ ಬಿಸಿನೀರಿನ ಸ್ನಾನವು ನಿತ್ಯದ ಅಗತ್ಯವಾಗಿದೆ. ಹಿಂದೆ ನಮ್ಮ ಹಳ್ಳಿಗಳ ಬಚ್ಚಲುಮನೆಯಲ್ಲಿ ಹಂಡೆಯ ಒಲೆಗೆ ಸೌದೆ ಹಾಕಿ ನೀರು ಕಾಯಿಸುತ್ತಿದ್ದರು. ಹೆಂಚಿನ ಸಂದುಗಳಿಂದಲೂ ಗವಾಕ್ಷಿಯಿಂದಲೂ ಹೊಗೆಯು ಹೊರಹೋಗುತ್ತಿತ್ತು. ಅದು ಹೆಚ್ಚಾದಾಗ ಕಣ್ಣುರಿಯೇ ಎಚ್ಚರಿಕೆ ನೀಡುತ್ತಿತ್ತು. ಇಂದು ಅನೇಕ ಮನೆಗಳಲ್ಲಿ ಹಂಡೆಯ ಸ್ಥಾನಕ್ಕೆ ಗ್ಯಾಸ್ ಗೀಸರು ಬಂದಿದೆ. ಹೆಂಚಿನ ಸ್ಥಾನಕ್ಕೆ ತಾರಸಿ ಬಂದಿದೆ. ಕಣ್ಣಿಗೆ ಹೊಗೆ ಕಾಣುವುದಿಲ್ಲ. ಆದರೆ ಅಪಾಯವು ತಪ್ಪಿತೆಂದು ತಿಳಿಯಬಾರದು.

ಕಾಣದ ವಿಷ

ಮನುಷ್ಯನ ಉಸಿರಾಟಕ್ಕೆ ಬೇಕಾದ ಆಮ್ಲಜನಕವೇ ಬೆಂಕಿಗೂ ಬೇಕು. ಒಂದು ಪಾಲು ಅಡುಗೆ ಅನಿಲವು ಪೂರ್ಣವಾಗಿ ಉರಿಯಲು ಸುಮಾರು 25ರಿಂದ 30 ಪಾಲು ಗಾಳಿ ಅವಶ್ಯಕ. ಮುಚ್ಚಿದ ಸಣ್ಣ ಕೋಣೆಯಲ್ಲಿ ಗೀಸರು ಉರಿದರೆ ಆಮ್ಲಜನಕವು ಬೇಗನೆ ಕಡಮೆಯಾಗುತ್ತದೆ. ಆಗ ಅನಿಲವು ಅರೆಬರೆಯಾಗಿ ಉರಿದು ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸಿಲಿಂಡರಿನ ಅನಿಲ ಸೋರಿದರೆ ಮೂಗಿಗೆ ತಿಳಿಯುತ್ತದೆ. ಏಕೆಂದರೆ ಅದಕ್ಕೆ ವಾಸನೆಯ ವಸ್ತುವನ್ನು ಬೆರೆಸಿರುತ್ತಾರೆ. ಈ ವಿಷಾನಿಲವಾದರೋ ಯಾವ ಸೂಚನೆಯನ್ನೂ ಕೊಡದು.

ರಕ್ತದಲ್ಲಿನ ಹಿಮೋಗ್ಲೋಬಿನ್ ಆಮ್ಲಜನಕವನ್ನು ದೇಹದ ಎಲ್ಲ ಭಾಗಗಳಿಗೂ ಒಯ್ಯುತ್ತದೆ. ಕಾರ್ಬನ್ ಮಾನಾಕ್ಸೈಡ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ, ಕೈಕಾಲುಗಳಲ್ಲಿ ನಿಶ್ಶಕ್ತಿ ಕಾಣಿಸುತ್ತವೆ. ಬಳಿಕ ಎಚ್ಚರ ತಪ್ಪುತ್ತದೆ, ಪ್ರಾಣಹಾನಿಯೂ ಆಗಬಹುದು. ಗರ್ಭಿಣಿಯ ಉಸಿರಿನ ಮೂಲಕ ಈ ವಿಷವು ಗರ್ಭದ ಶಿಶುವನ್ನೂ ಸೇರುತ್ತದೆ. ತಾಯಿಯು ಚೇತರಿಸಿಕೊಂಡ ಮೇಲೂ ಶಿಶುವಿನ ರಕ್ತದಲ್ಲಿ ಅದು ಹೆಚ್ಚು ಕಾಲ ಉಳಿಯುತ್ತದೆ.

ಗೀಸರನ್ನು ಎಲ್ಲಿ ಇಡಬೇಕು?

ಗೀಸರನ್ನು ಬಚ್ಚಲುಮನೆಯ ಒಳಗೆ ಇಡಲೇಬಾರದು. ಅದನ್ನು ಹೊರಗೋಡೆಯ ಮೇಲೆ, ಮಳೆ ಮತ್ತು ಬಿರುಗಾಳಿ ತಾಗದಂತೆ ಕೂಡಿಸಿ, ಬಿಸಿನೀರಿನ ಕೊಳವೆಯನ್ನು ಮಾತ್ರ ಒಳಗೆ ತರಬೇಕು. ಕಿಟಕಿಯ ಕೆಳಗಾಗಲಿ ಪಕ್ಕದಲ್ಲಾಗಲಿ ಇಟ್ಟರೆ ಸುಟ್ಟ ಗಾಳಿಯು ಮರಳಿ ಒಳಗೆ ಬರುತ್ತದೆ. ಹೊಗೆ ಕೊಳವೆಯುಳ್ಳ ಗೀಸರಾದರೆ ಆ ಕೊಳವೆಯು ಮೇಲ್ಮುಖವಾಗಿ ಸಾಗಿ ಬಯಲಿನಲ್ಲಿ ಕೊನೆಗೊಳ್ಳಬೇಕು, ಹೆಚ್ಚು ತಿರುವುಗಳಿರಬಾರದು. ಅದರ ಬಾಯಿಗೆ ಮಳೆ ಮತ್ತು ಹಕ್ಕಿಗಳನ್ನು ತಡೆಯುವ ಟೊಪ್ಪಿಗೆಯಿರಬೇಕು.

ಬಚ್ಚಲುಮನೆಗೆ ಮೇಲೊಂದು ಗವಾಕ್ಷಿ, ಬಾಗಿಲಿನ ಕೆಳಭಾಗದಲ್ಲಿ ಒಂದು ಕಿಂಡಿ ಇರುವುದು ಒಳ್ಳೆಯದು. ಬಾಣಂತಿಗೆ ಶೀತವಾದೀತೆಂಬ ಭಯದಿಂದ ಗವಾಕ್ಷಿಗೆ ಚಿಂದಿಬಟ್ಟೆ ತುರುಕುವ ಅಭ್ಯಾಸವನ್ನು ಬಿಡಬೇಕು. ಬಾಣಂತಿಯ ಕೋಣೆಯನ್ನು ಮುಚ್ಚಿ ಕೆಂಡವಿಡುವುದರಿಂದಲೂ ಇದೇ ವಿಷವು ಹುಟ್ಟುತ್ತದೆ. ಬೆಚ್ಚಗಿರಲು ಬಟ್ಟೆ ಹೊದಿಸಿರಿ, ಗಾಳಿಯನ್ನು ತಡೆಯಬೇಡಿರಿ.

ಗೀಸರಿನ ಪಾಲನೆ

1. ಜ್ವಾಲೆಯು ನೀಲಿಯಾಗಿ, ನಿಶ್ಚಲವಾಗಿರಬೇಕು. ಹಳದಿಯಾಗಿ ಓಲಾಡಿದರೆ ಅಥವಾ ಮಸಿ ಕಂಡರೆ ಕೂಡಲೇ ಬಳಕೆಯನ್ನು ನಿಲ್ಲಿಸತಕ್ಕದ್ದು.

2. ಬರ್ನರಿಗೆ ಗಾಳಿ ಹೋಗುವ ರಂಧ್ರಗಳಲ್ಲಿ ಧೂಳೂ ಜೇಡರ ಬಲೆಯೂ ಸೇರುತ್ತವೆ. ವರ್ಷಕ್ಕೊಮ್ಮೆಯಾದರೂ ತಿಳಿದ ಮೆಕ್ಯಾನಿಕ್‌ನಿಂದ ಇವುಗಳನ್ನು ಶುಚಿ ಮಾಡಿಸಬೇಕು.

3. ಕೊಳವೆಬಾವಿಯ ಗಡಸುನೀರು ಗೀಸರಿನ ಒಳಕೊಳವೆಗಳಲ್ಲಿ ಸುಣ್ಣದಂತಹ ಪದರವನ್ನು ಕಟ್ಟಿಸುತ್ತದೆ. ನೀರು ಸಣ್ಣಗೆ ಬರತೊಡಗಿದರೆ ಅದನ್ನೂ ತೆಗೆಸಬೇಕು.

4. ರಬ್ಬರ್ ಕೊಳವೆಯು ಐಎಸ್‌ಐ ಗುರುತಿನದಾಗಿರಲಿ. ಅವಧಿ ಮುಗಿದೊಡನೆ, ಬಿರುಕು ಕಂಡರೆ ಅದಕ್ಕೆ ಮೊದಲೇ, ಬದಲಾಯಿಸಿರಿ. ಸೋರಿಕೆಯನ್ನು ಸಾಬೂನಿನ ನೊರೆಯಿಂದ ಪರೀಕ್ಷಿಸಿರಿ. ಎಂದಿಗೂ ಬೆಂಕಿಕಡ್ಡಿ ಗೀರಬೇಡಿರಿ.

ಸ್ನಾನದ ಕ್ರಮ

ಈಗಾಗಲೇ ಒಳಗೆ ಗೀಸರು ಇರುವ ಮನೆಯವರು ಅದನ್ನು ಹೊರಕ್ಕೆ ಸಾಗಿಸುವವರೆಗೆ ಬಳಸದಿರುವುದೇ ಕ್ಷೇಮ. ಹಬ್ಬದ ದಿನಗಳಲ್ಲಿ ಮನೆಮಂದಿಯೆಲ್ಲ ಒಬ್ಬರಾದ ಮೇಲೊಬ್ಬರು ಸ್ನಾನ ಮಾಡುವಾಗ ಒಳಗಿನ ಗೀಸರು ಬಹುಹೊತ್ತು ಉರಿದು ವಿಷವು ಕೂಡುತ್ತಾ ಹೋಗುತ್ತದೆ. ಎಲ್ಲರಿಗೂ ನೀರು ತೋಡಿಕೊಟ್ಟು ಕಡೆಯಲ್ಲಿ ಮೀಯುವ ಗೃಹಿಣಿಗೇ ಆಗ ಅಪಾಯ ಹೆಚ್ಚು. ಗೀಸರು ಎಲ್ಲಿಯೇ ಇರಲಿ, ಬಕೆಟ್ಟು ತುಂಬಿದ ಮೇಲೆ ಅದನ್ನು ಆರಿಸಿ ಸ್ನಾನಕ್ಕೆ ಹೋಗುವುದು ಉತ್ತಮ ರೂಢಿ.

ಎಚ್ಚರ ತಪ್ಪಿದಾಗ

ಬಚ್ಚಲಿನಲ್ಲಿ ಬಿದ್ದವರನ್ನು ಕಂಡು ಗಾಳಿ ಸೋಕಿತೆಂದೋ ಮೂರ್ಛೆರೋಗವೆಂದೋ ಭಾವಿಸಿ ಕಾಲ ಕಳೆಯುವುದುಂಟು. ನಿಜವಾಗಿ ಅಲ್ಲಿ ಒಳ್ಳೆಯ ಗಾಳಿಯ ಕೊರತೆಯೇ ಕಾರಣವಾಗಿರಬಹುದು. ಬಾಗಿಲನ್ನು ಪೂರ್ಣವಾಗಿ ತೆರೆದು, ಸಿಲಿಂಡರನ್ನು ಬಂದ್ ಮಾಡಿ, ರೋಗಿಯನ್ನು ತಡಮಾಡದೆ ಬಯಲಿಗೆ ತನ್ನಿರಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು. 108ಕ್ಕೆ ಕರೆ ಮಾಡಿರಿ. ಗೀಸರು ಉರಿಯುತ್ತಿದ್ದಾಗ ಹೀಗಾಯಿತೆಂದು ವೈದ್ಯರಿಗೆ ತಪ್ಪದೆ ತಿಳಿಸಿರಿ. ಆಮ್ಲಜನಕವೇ ಇದಕ್ಕೆ ಮುಖ್ಯ ಚಿಕಿತ್ಸೆ. ಗರ್ಭಿಣಿಯು ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು.

ದಂಪತಿಗಳ ಹೊಣೆ

ಗೀಸರನ್ನು ಕೊಳ್ಳುವಾಗ ಬೆಲೆಯನ್ನು ವಿಚಾರಿಸುವಂತೆ ಅದರ ಹೊಗೆ ಹೋಗುವ ದಾರಿಯನ್ನೂ ಪತಿಪತ್ನಿಯರಿಬ್ಬರೂ ಕೂಡಿ ವಿಚಾರಿಸಬೇಕು. ಒಬ್ಬರು ಸ್ನಾನಕ್ಕೆ ಹೋದಾಗ ಇನ್ನೊಬ್ಬರು ಆಗಾಗ ಕೂಗಿ ಮಾತನಾಡಿಸುತ್ತಿರಲಿ. ಇಂದು ಸಂಜೆಯೇ ನಿಮ್ಮ ಬಚ್ಚಲುಮನೆಯ ಗವಾಕ್ಷಿಯನ್ನು ಇಬ್ಬರೂ ನೋಡಿ ಬನ್ನಿರಿ. ಅದು ಮುಚ್ಚಿದ್ದರೆ ತೆರೆಯಿರಿ. ಇಲ್ಲದಿದ್ದರೆ ಗೋಡೆಯಲ್ಲೊಂದು ಕಿಂಡಿ ಕೊರೆಯಿಸಿರಿ. ಆ ಅಲ್ಪ ವೆಚ್ಚವು ನಿಮ್ಮ ಸಂಸಾರದ ಉಸಿರನ್ನು ಕಾಯುತ್ತದೆ.