ಹೊಸ ಕಾರಿನ ಗೇರ್‌ಬಾಕ್ಸ್ ದೋಷ ಮತ್ತು ವಾರಂಟಿ: ಸದಸ್ಯರ ಅಧ್ಯಯನಕ್ಕಾಗಿ

ಕಡೂರು, ತರೀಕೆರೆ ಹಾಗೂ ಅಜ್ಜಂಪುರ ತಾಲ್ಲೂಕುಗಳ ಗ್ರಾಮಸ್ಥರು ಹೊಸ ಕಾರಿನ ದೂರಿನೊಂದಿಗೆ ಬಂದಾಗ ಸದಸ್ಯರು ಮೊದಲು ಕೇಳಬೇಕಾದುದು ಜಾಬ್ ಕಾರ್ಡನ್ನು. ಗೇರ್ ಬೀಳದಿರುವುದು, ತಾನಾಗಿ ನ್ಯೂಟ್ರಲ್‌ಗೆ ಜಾರುವುದು ಮುಂತಾದ ದೋಷಗಳನ್ನು ಬಾಯಿಮಾತಿನಲ್ಲಿ ಹೇಳಿ ಬಂದರೆ ದಾಖಲೆ ಉಳಿಯದು. ಪ್ರತಿ ಭೇಟಿಯಲ್ಲಿಯೂ ದೋಷದ ವಿವರವನ್ನು, ಓಡಿದ ಕಿಲೋಮೀಟರ್ ಸಹಿತ, ಬರೆಯಿಸಿ ಪ್ರತಿ ಪಡೆಯತಕ್ಕದ್ದು. ‘ಜನರಲ್ ಚೆಕಪ್’ ಎಂದಷ್ಟೇ ನಮೂದಾದರೆ ಮುಂದೆ ಇಡೀ ಪ್ರಕರಣವೇ ದುರ್ಬಲವಾಗುತ್ತದೆ. ಕ್ಲಚ್ ಪ್ಲೇಟನ್ನು ಸವೆಯುವ ಭಾಗವೆಂದು ಸಾಮಾನ್ಯವಾಗಿ ವಾರಂಟಿಯಿಂದ ಹೊರಗಿಡುವುದರಿಂದ, ದೋಷ ಗೇರ್‌ಬಾಕ್ಸಿನದೋ ಕ್ಲಚ್ಚಿನದೋ ಎಂಬುದನ್ನು ಲಿಖಿತವಾಗಿ ಕೇಳುವುದು ಅವಶ್ಯ.

ಕಾರನ್ನೇ ಬದಲಿಸಿ ಕೊಡಿಸುವ ಭರವಸೆಯನ್ನು ಯಾರಿಗೂ ನೀಡಬಾರದು. ಮಾರುತಿ ಉದ್ಯೋಗ್ ಸಂಸ್ಥೆಯ ಕಾರೊಂದರ ಕ್ಲಚ್ ದೋಷದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ, ವಾರಂಟಿಯ ಷರತ್ತು ದೋಷಯುಕ್ತ ಭಾಗದ ಬದಲಾವಣೆಗೆ ಸೀಮಿತವೆಂದು ತೀರ್ಮಾನಿಸಿ, ಹೊಸ ಕಾರು ನೀಡುವ ಆದೇಶವನ್ನು ಒಪ್ಪಲಿಲ್ಲ. ಆದರೆ ಹಣದ ಪರಿಹಾರ ಕೊಡಿಸಿತು.

ದುರಸ್ತಿಯ ನೆಪದಲ್ಲಿ ದಿನ ದೂಡಿದರೆ 1915 ಸಹಾಯವಾಣಿಗೆ ತಿಳಿಸಬಹುದು. ಅಲ್ಲಿಗೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ವ್ಯಾಜ್ಯಕಾರಣ ಉಂಟಾದ 2 ವರ್ಷಗಳೊಳಗೆ ದೂರು ಸಲ್ಲಬೇಕು. ಸಹಾಯವಾಣಿಯಲ್ಲಿ ಕಳೆದ ದಿನಗಳೂ ಈ ಲೆಕ್ಕದಲ್ಲಿಯೇ ಓಡುತ್ತವೆ. ಕಾರನ್ನು ಶಿವಮೊಗ್ಗದಲ್ಲಿಯೋ ಹಾಸನದಲ್ಲಿಯೋ ಕೊಂಡಿದ್ದರೂ ಚಿಂತೆಯಿಲ್ಲ: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಪ್ರಕರಣದನ್ವಯ ದೂರುದಾರರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿ, ಅಂದರೆ ಚಿಕ್ಕಮಗಳೂರಿನಲ್ಲಿಯೇ, ದೂರು ಸಲ್ಲಿಸಬಹುದು.