ಹನ್ನೆರಡು ವರುಷದ ಬಾಲಕನ ಶಾಲಾದಿನ

ಓದತಕ್ಕ ಭಾಗ: ಲೂಕ 2ನೆಯ ಅಧ್ಯಾಯ, 41ರಿಂದ 52ನೆಯ ವಚನದ ವರೆಗೆ.

ನಮ್ಮ ಕರ್ತನ ಬಾಲ್ಯವನ್ನು ಕುರಿತು ಸುವಾರ್ತೆಗಳು ತಿಳಿಸುವದು ಸ್ವಲ್ಪವೇ. ಆದರೂ ಆತನು ಹನ್ನೆರಡು ವರುಷದವನಾಗಿದ್ದಾಗ ಗುರುಗಳ ಬಳಿಯಲ್ಲಿ ಆಲಿಸಿದ್ದನ್ನೂ ಪ್ರಶ್ನಿಸಿದ್ದನ್ನೂ ಲೂಕನು ಬರೆದಿಟ್ಟಿದ್ದಾನೆ. ಮಿಡ್ಲ್ ಸ್ಕೂಲಿನ ಹುಡುಗರ ವಯಸ್ಸೂ ಇದೇ. ಆ ಬಾಲಕನ ಬೆಳವಣಿಗೆಯು ಬುದ್ಧಿ, ದೇಹ, ದೇವರ ಸಂಬಂಧ, ಜನರ ಸಂಬಂಧ ಎಂಬ ನಾಲ್ಕು ಕಡೆಯಲ್ಲಿಯೂ ಆಯಿತೆಂದು 52ನೆಯ ವಚನದಿಂದ ತಿಳಿಯುತ್ತೇವೆ. ನಮ್ಮ ಸೀಮೆಯ ಚಿಕ್ಕ ಶಾಲೆಯ ದಿನಕ್ರಮವು ಈ ನಾಲ್ಕಕ್ಕೂ ಎಡೆಕೊಡುವದು ಹೇಗೆಂದು ವಿಚಾರಿಸೋಣ.

1. ಪ್ರಾರ್ಥನೆ, ಸತ್ಯವೇದಪಾಠ. ದಿನವು ಇದರಿಂದ ಆರಂಭವಾಗುವದು ಯೋಗ್ಯವೇ. ಆದರೆ ಬಾಯಿಪಾಠವೊಂದೇ ಸಾಲದು. ಪ್ರಶ್ನಿಸುವ ಹುಡುಗನನ್ನು ಗದರಿಸಬಾರದು. ಅನ್ಯಮತದ ಮನೆಗಳ ಮಕ್ಕಳೂ ಬರುವರಷ್ಟೆ. ಸರಕಾರದ ಮಾನ್ಯತೆಯನ್ನಾಗಲಿ ಸಹಾಯಧನವನ್ನಾಗಲಿ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಮತಬೋಧೆಗೆ ಕೂರಿಸಬಾರದೆಂಬದು 1950ರಲ್ಲಿ ಜಾರಿಗೆ ಬಂದ ಭಾರತ ಸಂವಿಧಾನದ 28ನೆಯ ಅನುಚ್ಛೇದದ ವಿಧಿ. ಇದು ನಮಗೆ ಅಡ್ಡಿಯಲ್ಲ. ಬಲವಂತದಿಂದ ಭಕ್ತಿ ಹುಟ್ಟದು.

2. ಭಾಷೆ. ಮುಳಬಾಗಿಲು, ಶ್ರೀನಿವಾಸಪುರಗಳ ಕಡೆ ಅನೇಕ ಮನೆಗಳ ಮಾತು ತೆಲುಗು. ಶಾಲೆಯಲ್ಲಿ ಕನ್ನಡ, ಅದರ ಮೇಲೆ ಇಂಗ್ಲಿಷು. ಇಂಥ ಮನೆಯ ಹುಡುಗನು ಮೌನವಾಗಿದ್ದರೆ ದಡ್ಡನೆಂದು ಎಣಿಸಬಾರದು. ಉತ್ತರವು ಮೊದಲು ತೆಲುಗಿನಲ್ಲಿ ಬಂದರೂ ಅಂಗೀಕರಿಸಿ, ಅದನ್ನೇ ಕನ್ನಡದಲ್ಲಿ ಹೇಳಿಸಬೇಕು. ದಿನಾಲು ಗಟ್ಟಿಯಾಗಿ ಓದುವದಕ್ಕೂ ಐದಾರು ಸಾಲು ಸ್ವಂತವಾಗಿ ಬರೆಯುವದಕ್ಕೂ ವೇಳೆಯಿರಲಿ.

3. ಲೆಕ್ಕ, ವಿಜ್ಞಾನ. ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿ ಎಂದರೆ ಹಗುರವಾಗಿ ಕೇಳಿಸುತ್ತದೆ. 10,000 ರೂಪಾಯಿ ಸಾಲಕ್ಕೆ ಅದು ವರುಷಕ್ಕೆ 3,600 ಆಗುವದೆಂದೂ, ಮೂರು ವರುಷ ತುಂಬುವದರೊಳಗೆ ಬಡ್ಡಿಯೇ ಅಸಲನ್ನು ಮೀರುವದೆಂದೂ ಹುಡುಗನು ತಾನೇ ಕಂಡುಕೊಂಡರೆ ಮನೆಗೆ ಕಾವಲಾಗುವನು. ಕೋಲಾರ ಜಿಲ್ಲೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಹೆಚ್ಚು, ಲೀಟರಿಗೆ 1.5 ಮಿಲಿಗ್ರಾಮು ಮೀರಿದ್ದನ್ನು ಬಹುಕಾಲ ಕುಡಿದರೆ ಹಲ್ಲೂ ಎಲುಬೂ ಕೆಡುತ್ತವೆ. ಕುದಿಸಿದರೆ ಕ್ರಿಮಿಗಳು ಸಾಯುವವು, ಫ್ಲೋರೈಡು ಹೋಗದು. ಇದನ್ನು ಕಲಿತವನು ತಾಯಿಗೆ ಹೇಳಲಿ.

4. ಕೈಕೆಲಸ, ಆಟ. 1876-78ರ ಘೋರ ಕ್ಷಾಮದಲ್ಲಿ ಮಿಸ್ ಆನ್‌ಸ್ಟೀ ಎಂಬವರು ಕೋಲಾರದಲ್ಲಿ ಅನಾಥ ಮಕ್ಕಳನ್ನು ಕೂಡಿಸಿ ಸಾಕಿದರು. 1890ರಲ್ಲಿ ಆ ಕಾರ್ಯವು ಮೆಥೊಡಿಸ್ಟ್ ಎಪಿಸ್ಕೋಪಲ್ ಮಿಶನಿಗೆ ಸೇರಿತು. ಅನ್ನವಿಲ್ಲದ ಮಗುವಿಗೆ ಅಕ್ಷರದ ಸಂಗಡ ಬದುಕುವ ದಾರಿಯೂ ಬೇಕೆಂಬದು ಅಂದಿನಿಂದ ಈ ಸೀಮೆಯ ಪಾಠ. ನಜರೇತಿನ ಬಡಗಿಯನ್ನು ಕರ್ತನೆನ್ನುವವರು ಕೈಕೆಲಸವನ್ನು ಹೀನವೆನ್ನಲಾರರು. ಅಂಗಳ ಗುಡಿಸುವದು ಶಿಕ್ಷೆಯಾಗಬಾರದು. ಎಲ್ಲಾ ಕುಲದ ಹುಡುಗರಿಗೂ ಸರದಿ ಒಂದೇ ಆಗಿರಲಿ. ಯಾವನು ಯಾವಾಗಲೂ ಕಸಬರಿಕೆ ಹಿಡಿಯುತ್ತಾನೆಂಬದನ್ನು ನೋಡಿದರೆ ಶಾಲೆಯ ನಿಜವಾದ ಬೋಧನೆ ತಿಳಿಯುವದು.

5. ಮನೆಯ ಪಾಲು. ಶ್ರೀನಿವಾಸಪುರದ ಮಾವಿನ ಸುಗ್ಗಿಯೂ ಮಾಲೂರಿನ ಇಟ್ಟಿಗೆಗೂಡೂ ಹುಡುಗರನ್ನು ಎಳೆಯುತ್ತವೆ. ಆರರಿಂದ ಹದಿನಾಲ್ಕು ವರುಷದ ಮಕ್ಕಳಿಗೆ ಉಚಿತ ಶಿಕ್ಷಣವು ಹಕ್ಕೆಂದು 2009ರ ಕಾಯಿದೆ ಹೇಳುತ್ತದೆ. ಆದರೆ ಜೂನಿನಲ್ಲಿ ಎರಡು ವಾರ ತಪ್ಪಿದ ಹುಡುಗನು ಪಾಠದಲ್ಲಿ ಹಿಂದೆ ಬಿದ್ದು, ನಾಚಿಕೆಯಿಂದಲೇ ಶಾಲೆ ಬಿಡುವದುಂಟು. ಸಭೆಯ ಹಿರಿಯರು ಅಂಥ ಮನೆಗೆ ಹೋಗಿ ಮಾತಾಡಲಿ. ಉಪಾಧ್ಯಾಯರು ತಪ್ಪಿದ ಪಾಠವನ್ನು ಬೈಯದೆ ಹೇಳಿಕೊಡಲಿ. ಸಂಜೆ ಒಂದು ತಾಸು ಸಭಾಮಂದಿರದ ದೀಪವು ಓದುವ ಮಕ್ಕಳಿಗಾಗಿ ಉರಿಯಲಿ.

ವಿಚಾರಿಸತಕ್ಕ ಪ್ರಶ್ನೆಗಳು

1. ನಿಮ್ಮ ಊರಿನ ಹುಡುಗರಲ್ಲಿ ಈ ವರುಷ ಶಾಲೆ ಬಿಟ್ಟವರು ಯಾರು? ಕಾರಣವೇನು?
2. ನಾಲ್ಕು ವಿಧವಾದ ಬೆಳವಣಿಗೆಯಲ್ಲಿ ನಮ್ಮ ಶಾಲೆಯು ಯಾವದನ್ನು ಮರೆತಿದೆ?
3. ಅವರ ಪ್ರಶ್ನೆಗಳಿಗೆ ಮನೆಯಲ್ಲಿ ಯಾರು ಕಿವಿಗೊಡುತ್ತಾರೆ?