ಕಲ್ಲುಹೂವು: ಕಾಣುವುದು ಮತ್ತು ಓದುವುದು

ಮುಂಬಯಿಯ ಲಾಲಬಾಗಿನ ಮಸಾಲೆ ಅಂಗಡಿಗಳಲ್ಲಿ ‘ದಗಡಫೂಲ’ ಎಂಬ ಹೆಸರಿನಿಂದ ಮಾರಾಟವಾಗುವ ಬೂದುಬಣ್ಣದ ಒಣ ಚೂರುಗಳನ್ನು ಕನ್ನಡಿಗರು ‘ಕಲ್ಲುಹೂವು’ ಎನ್ನುತ್ತಾರೆ. ನೆರೆಯ ಎರಡು ಭಾಷೆಗಳು ಒಂದೇ ರೂಪಕವನ್ನು ಆರಿಸಿಕೊಂಡಿರುವುದು ಗಮನಾರ್ಹವಾದುದು. ಆದರೆ ವಿಜ್ಞಾನವು ಲೈಕನ್ ಎಂದು ಗುರುತಿಸುವ ಈ ಜೀವರಾಶಿ ಹೂವಲ್ಲ. ಶಿಲೀಂಧ್ರ ಮತ್ತು ಪಾಚಿಗಳ ಸಹಬಾಳ್ವೆ. ೧೮೬೭ರಲ್ಲಿ ಸ್ವಿಸ್ ವಿದ್ವಾಂಸ ಸೈಮನ್ ಶ್ವೆಂಡೆನರ್ ಈ ಮಾತನ್ನು ಪ್ರತಿಪಾದಿಸಿದಾಗ ಆ ಕ್ಷೇತ್ರದ ಹಿರಿಯರೇ ಅದನ್ನು ಅಲ್ಲಗಳೆದರು. ಇಂತಹ ಜೀವಿಯ ಹೊಸ ಪ್ರಭೇದವೊಂದು ‘ಪತ್ತೆಯಾಯಿತು’ ಎಂದರೆ ಏನರ್ಥ ಎಂಬುದನ್ನು ಸಾಹಿತ್ಯದ ವಿದ್ಯಾರ್ಥಿಯ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮರಗಳ ಎಲ್ಲೆ ಮುಗಿದ ಮೇಲಿನ ಹಿಮಾಲಯದ ಬಂಡೆಗಳ ಮೇಲೆ ಲೈಕನ್ನುಗಳು ಬದುಕುತ್ತವೆ. ಒಣಗಿದಾಗ ಅವು ತಮ್ಮ ಜೀವವ್ಯಾಪಾರವನ್ನು ಅಡಗಿಸಿಕೊಳ್ಳುತ್ತವೆ. ತೇವ ದೊರೆತೊಡನೆ ಎಚ್ಚರಗೊಳ್ಳುತ್ತವೆ. ಕೆಲವು ಶೂನ್ಯ ಡಿಗ್ರಿಗಿಂತ ಕೆಳಗೂ ಆಹಾರವನ್ನು ತಯಾರಿಸಿಕೊಳ್ಳಬಲ್ಲವು. ಅಂಟಾರ್ಕ್ಟಿಕಾದ ಸಹಜ ಹೂಗಿಡಗಳು ಎರಡೇ. ಲೈಕನ್ ಪ್ರಭೇದಗಳಾದರೋ ಸುಮಾರು ೪೦೦.

ಹಿಮಾಲಯದ ಕುರಿಗಾಹಿ ಈ ಬಣ್ಣದ ಕಲೆಗಳನ್ನು ತಲೆಮಾರುಗಳಿಂದ ಕಂಡಿದ್ದಾನೆ. ಆದರೂ ಸಂಶೋಧಕನ ಕೆಲಸ ಅಲ್ಲಿಂದ ಮುಂದೆ ಆರಂಭವಾಗುತ್ತದೆ. ಉಳಿಯಿಂದ ಬಂಡೆಯ ಚಕ್ಕೆಯೊಡನೆ ಅದನ್ನು ಬಿಡಿಸಿ, ಸ್ಥಳ, ಎತ್ತರ, ದಿನಾಂಕಗಳನ್ನು ಬರೆದಿಡಬೇಕು. ಸೂಕ್ಷ್ಮದರ್ಶಕದಲ್ಲಿ ಬೀಜಕಣಗಳ ಆಕಾರವನ್ನು ಅಳೆಯಬೇಕು. ರಾಸಾಯನಿಕದ ಹನಿಗೆ ಬರುವ ಬಣ್ಣವನ್ನು ನೋಡಬೇಕು. ಈಗ ಡಿಎನ್ಎಯನ್ನೂ ಹೋಲಿಸಬೇಕು. ಲಖನೌದ ಡಿ. ಡಿ. ಅವಸ್ಥಿಯವರು ೧೯೮೮ ಮತ್ತು ೧೯೯೧ರಲ್ಲಿ ಪ್ರಕಟಿಸಿದ ಗುರುತುಸೂಚಿಗಳು ಭಾರತದಲ್ಲಿ ಈ ಹೋಲಿಕೆಗೆ ತಳಹದಿಯಾದವು. ಹಿಂದಿನ ಯಾವ ವಿವರಣೆಗೂ ಹೊಂದದಿದ್ದರೆ ಮಾತ್ರ ಹೊಸ ಹೆಸರು. ಆ ಹೆಸರಿಗೆ ಸಾಕ್ಷಿಯಾಗಿ ಒಂದು ಆಧಾರ ನಮೂನೆಯನ್ನು ಸಂಗ್ರಹಾಲಯದಲ್ಲಿ ಕಾಪಿಡಬೇಕು. ೨೦೧೧ರ ಕೊನೆಯವರೆಗೆ ವಿವರಣೆ ಲ್ಯಾಟಿನ್ನಿನಲ್ಲಿಯೇ ಇರಬೇಕಿತ್ತು. ೨೦೧೨ರಿಂದ ಇಂಗ್ಲಿಷೂ ಸಲ್ಲುತ್ತದೆ. ಇನ್ನೊಂದು ವಿಶೇಷವುಂಟು: ಹೆಸರು ಸಲ್ಲುವುದು ಶಿಲೀಂಧ್ರಕ್ಕೆ ಮಾತ್ರ. ಇಬ್ಬರು ಕೂಡಿ ಬಾಳಿದರೂ ಮನೆಯ ಹೆಸರು ಒಬ್ಬರದೇ.

ಈ ಕ್ರಮ ನಮಗೆ ಅಪರಿಚಿತವಲ್ಲ. ಹಲ್ಮಿಡಿಯ ಕಲ್ಲು ಊರಿನಲ್ಲಿಯೇ ಇತ್ತು, ೧೯೩೬ರಲ್ಲಿ ಎಂ. ಎಚ್. ಕೃಷ್ಣ ಅವರ ಗಮನಕ್ಕೆ ಬಂದು ಓದಿಸಿಕೊಂಡ ಮೇಲೆಯೇ ಅದು ಕನ್ನಡದ ಚರಿತ್ರೆಯನ್ನು ಪ್ರವೇಶಿಸಿತು. ಗ್ರಂಥಸಂಪಾದಕನಿಗೆ ಮೂಲಪ್ರತಿ ಹೇಗೋ ಲೈಕನ್ ವಿದ್ವಾಂಸನಿಗೆ ಆಧಾರ ನಮೂನೆ ಹಾಗೆ. ಸಂದೇಹ ಹುಟ್ಟಿದಾಗಲೆಲ್ಲ ಅದರ ಬಳಿಗೇ ಮರಳಬೇಕು. ಶೋಧವೆಂದರೆ ಕಾಣುವುದಷ್ಟೇ ಅಲ್ಲ, ಹಿಂದಿನವರ ಓದಿನೊಡನೆ ಹೋಲಿಸಿ ಓದುವುದು.

ಇವೆರಡು ವಿದ್ಯೆಗಳು ಒಂದೇ ಕಲ್ಲಿನ ಮೇಲೆ ಎದುರಾಗುವುದೂ ಉಂಟು. ಶಾಸನದ ಅಚ್ಚು ತೆಗೆಯುವ ಮೊದಲು ನಾವು ಉಜ್ಜಿ ತೆಗೆಯುವ ‘ಕೊಳೆ’ ಎಷ್ಟೋ ವೇಳೆ ಲೈಕನ್ನೇ ಆಗಿರುತ್ತದೆ. ಅದರ ಆಮ್ಲಗಳು ಕಲ್ಲನ್ನು ಸವೆಯಿಸುತ್ತವೆಯಾದ್ದರಿಂದ ಅಕ್ಷರಗಳ ರಕ್ಷಣೆಗೆ ತೆಗೆಯಬೇಕಾಗಬಹುದು. ಆದರೆ ಉಜ್ಜುವ ಮೊದಲು ಒಂದು ಛಾಯಾಚಿತ್ರ, ಒಂದು ಟಿಪ್ಪಣಿ ಅಗತ್ಯ. ಒಬ್ಬನ ಕೊಳೆ ಇನ್ನೊಬ್ಬನ ಪಠ್ಯ.

ಭೂಮಿಯ ತಾಪ ಏರುತ್ತಿರುವಾಗ ಕೆಳಗಿನ ಜೀವಿಗಳು ಮೇಲಕ್ಕೆ ಸರಿಯಬಹುದು. ಶಿಖರದಲ್ಲಿರುವುದಕ್ಕೆ ಇನ್ನು ಮೇಲಿಲ್ಲ. ಹೆಸರಿಲ್ಲದೆ ಅಳಿದುದರ ನಷ್ಟವನ್ನು ಯಾವ ಪಟ್ಟಿಯೂ ದಾಖಲಿಸದು. ಮಾತಿನ ವಿಷಯದಲ್ಲಿಯೂ ಇದು ನಿಜ. ಕಲ್ಲು, ತೊಗಟೆಗಳ ಮೇಲಿನ ಈ ಜೀವಿಗಳಿಗೆ ಮಲೆನಾಡಿನ, ಬಯಲುಸೀಮೆಯ, ಕರಾವಳಿಯ ಹಳ್ಳಿಗರು ಬಳಸುವ ಹೆಸರುಗಳನ್ನು ನಮ್ಮ ವಿದ್ಯಾರ್ಥಿಗಳು ಕ್ಷೇತ್ರಕಾರ್ಯದಲ್ಲಿ ಕೇಳಿ ಬರೆದಿಡುವಂತಾಗಬೇಕು. ಅದಕ್ಕೆ ಹಿಮಾಲಯವನ್ನು ಏರಬೇಕಾಗಿಲ್ಲ.